ಹಣೆಬರಹವೋ, ಕೈಬರಹವೋ?

ಕಳೆದ ವರ್ಷದ ಮಳೆಗಾಲದಲ್ಲಿ ನಮ್ಮ ಮದ್ರಸದ ಕಾಂಪೌಂಡ್ ಗೋಡೆ ಕುಸಿದು ಬಿತ್ತು. ಮಳೆ ನಿಂತ ಮೇಲೆ ಜಮಾಅತಿನವರು ದುಡ್ಡು ಒಟ್ಟು ಮಾಡಿ, ಘಟ್ಟದ ಮೇಲಿನ ಒಬ್ಬ ಮೇಸ್ತ್ರಿಗೆ ಕೆಲಸ ವಹಿಸಿದರು. ಊರು ಯಾವುದೆಂದು ಕೇಳಿದರೆ 'ಮಾಗಳ' ಎಂದರು. ಹೂವಿನಹಡಗಲಿ ತಾಲ್ಲೂಕು, ಈಗಿನ ವಿಜಯನಗರ ಜಿಲ್ಲೆ. ಗಂಡ ಕೆಂಪುಕಲ್ಲು ಇಡುವುದು, ಹೆಂಡತಿ ಸಿಮೆಂಟ್ ಕಲಸಿ ಬಾಂಡ್ಲಿಯಲ್ಲಿ ಹೊತ್ತು ಕೊಡುವುದು. ಜೊತೆಗೆ ಹನ್ನೊಂದು ವರ್ಷದ ಒಬ್ಬ ಮಗ. ಅವನ ಕೆಲಸ ಮರಳು ಜರಡಿ ಹಿಡಿಯುವುದು. ನಮ್ಮ ಮಕ್ಕಳು ಒಳಗೆ ಓದುವಾಗ ಅವನು ಜರಡಿ ಬಿಟ್ಟು ಕಿಟಕಿ ಹತ್ತಿರ ಬಂದು ನಿಲ್ಲುತ್ತಿದ್ದ. ತಾಯಿ ಕರೆದರೆ ಓಡಿ ಹೋಗುತ್ತಿದ್ದ.

ಒಂದು ದಿನ ಚಹಾದ ಹೊತ್ತಿಗೆ ಮೇಸ್ತ್ರಿಯನ್ನು ಕೇಳಿಯೇಬಿಟ್ಟೆವು. 'ಹುಡುಗನನ್ನು ಶಾಲೆಗೆ ಕಳಿಸಬಾರದಾ?'

'ಏನ್ ಮಾಡೋದ್ರಿ ಗುರುಗಳ, ನಮ್ ಹಣೇಲಿ ಇಷ್ಟ ಬರದೈತಿ. ಅದನ್ನ ಯಾರ್ ತಪ್ಸಾಕ ಬರ್ತೈತ್ರಿ?' ಎಂದರು.

ಆ ಮಾತು ಕೇಳಿ ನಮಗೆ ಒಳಗೊಳಗೇ ಸಿಟ್ಟು ಬಂತು. ಮಗುವಿನ ಕೈಗೆ ಜರಡಿ ಕೊಟ್ಟವರು ಇವರೇ, ಹಣೆಬರಹದ ಮೇಲೆ ಹಾಕುವವರೂ ಇವರೇ ಅನಿಸಿತು.

ಎರಡು ಅಪ್ಪಂದಿರು, ಒಂದೇ ಮಾತು

ಅದೇ ವಾರ ಇಶಾ ನಮಾಝ್ ಮುಗಿಸಿ ಹೊರಡುವಾಗ ನಮ್ಮ ಮೊಹಲ್ಲಾದ ಒಬ್ಬರು ಬಂದು ಕೈ ಹಿಡಿದುಕೊಂಡರು. ಅವರ ಮಗ ಒಂದು ಕಾಲದಲ್ಲಿ ನಮ್ಮ ಮದ್ರಸದಲ್ಲೇ ಕಲಿತ ಹುಡುಗ. ಗಾಂಜಾ ಸೇದುವ ಗುಂಪಿನ ಜೊತೆ ಪೊಲೀಸರಿಗೆ ಸಿಕ್ಕಿಬಿದ್ದಿದ್ದ. ತಂದೆಯ ಕಣ್ಣು ತುಂಬಿತ್ತು. 'ಎಲ್ಲ ಖಳಾ ಖದ್ರ್ ಉಸ್ತಾದರೇ, ನಾವೇನು ಮಾಡಲಿಕ್ಕಾಗುತ್ತದೆ?' ಎಂದರು. ನಾವು ಅವರ ಭುಜ ತಟ್ಟಿ, 'ಹೌದು, ಸಬರ್ ಮಾಡಿ, ದುಆ ಮಾಡುವ' ಎಂದು ಸಮಾಧಾನ ಹೇಳಿ ಕಳುಹಿಸಿದೆವು.

ಮನೆಗೆ ಬಂದು ಮಲಗಿದರೆ ನಿದ್ದೆ ಹತ್ತಲಿಲ್ಲ. ಇಬ್ಬರು ಅಪ್ಪಂದಿರು ಹೇಳಿದ್ದು ಒಂದೇ ಮಾತು. ಒಬ್ಬರು 'ಹಣೆಬರಹ' ಎಂದರು, ಇನ್ನೊಬ್ಬರು 'ಖದ್ರ್' ಎಂದರು. ಒಬ್ಬರ ಮೇಲೆ ನಮಗೆ ಸಿಟ್ಟು ಬಂತು, ಇನ್ನೊಬ್ಬರ ಮೇಲೆ ಕನಿಕರ. ಯಾಕೆ? ಒಬ್ಬರು ಘಟ್ಟದವರು, ಇನ್ನೊಬ್ಬರು ನಮ್ಮವರು. ಇಷ್ಟೇ ಕಾರಣ. ನಮ್ಮವರು ಎಡವಿದರೆ ವಿಧಿ, ಪರಿಸ್ಥಿತಿ, ಸಹವಾಸ ದೋಷ. ಬೇರೆಯವರು ಎಡವಿದರೆ ಸೋಮಾರಿತನ, ಬುದ್ಧಿ ಇಲ್ಲದ್ದು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಈಮಾನಿನ ಆರು ಸ್ತಂಭಗಳನ್ನು ಬಾಯಿಪಾಠ ಮಾಡಿಸುತ್ತಾ ಬಂದ ನಾವು, ಆರನೆಯದಾದ ಖದ್ರನ್ನು ನಮಗೆ ಬೇಕಾದ ಹಾಗೆ ತೂಗುತ್ತಿದ್ದೆವು. ತಕ್ಕಡಿ ಸರಿ ಇರಲಿಲ್ಲ.

ಮನುಷ್ಯ ಮಾಡುವುದೆಲ್ಲ ಹೊರಗಿನ ಒತ್ತಡದಿಂದಲೋ, ಸ್ವಂತ ಇಷ್ಟದಿಂದಲೋ? ಇದು ಪಂಡಿತರ ಚರ್ಚೆ ಎಂದು ಬದಿಗೆ ಸರಿಸುವ ಹಾಗಿಲ್ಲ. ಮಗನಿಗೆ ಬೈಯುವಾಗ, ಕೂಲಿಯವನನ್ನು ಅಳೆಯುವಾಗ, ನೆರೆಮನೆಯ ಹುಡುಗಿಯ ಬಗ್ಗೆ ಮಾತಾಡುವಾಗ ನಾವು ದಿನಾ ಈ ಪ್ರಶ್ನೆಗೆ ಉತ್ತರ ಕೊಡುತ್ತಲೇ ಇದ್ದೇವೆ.

ಹೊಳೆ ದಂಡೆಯ ಒಣ ಹೊಲ

ಶವ್ವಾಲ್ ತಿಂಗಳಲ್ಲಿ ಮೇಸ್ತ್ರಿಯವರ ತಮ್ಮನ ಮದುವೆ. ಫೋನು ಮಾಡಿ ಕರೆದಿದ್ದರು. ಹೋಗಬೇಕು ಅನಿಸಿತು. ಜಮಾಅತಿನ ಇಬ್ಬರನ್ನು ಜೊತೆ ಮಾಡಿಕೊಂಡು ಶಿವಮೊಗ್ಗ, ಹರಿಹರ, ಹರಪನಹಳ್ಳಿ ದಾರಿಯಾಗಿ ಹೊರಟೆವು. ಘಟ್ಟ ಹತ್ತುವಾಗ ಕಾಡು, ತಂಪು. ಹರಿಹರ ದಾಟಿದ ಮೇಲೆ ಬಯಲು. ಕಣ್ಣು ಹಾಯಿಸಿದಷ್ಟು ದೂರ ಬೋಳು ಹೊಲ, ನೆರಳಿಗೆ ಅಲ್ಲೊಂದು ಇಲ್ಲೊಂದು ಬೇವಿನ ಮರ.

ನಮ್ಮ ಮಂಗಳೂರಿನ ಕಡೆ ವರ್ಷದ ಮಳೆ 3,500 ಮಿಲಿಮೀಟರ್ ದಾಟುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆ 600ರ ಆಸುಪಾಸು. ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಸುಗ್ಗಿಯಲ್ಲಿ ಮನೆಗೆ ಬರುವ ಕಾಳು ನಾಲ್ಕು ತಿಂಗಳಿಗೂ ಸಾಲದು. ಆಮೇಲೆ ಗುಳೆ. ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಚಿಕ್ಕಮಗಳೂರು ಕೊಡಗಿನ ಕಾಫಿ ತೋಟಕ್ಕೋ, ಬೆಂಗಳೂರಿಗೋ, ನಮ್ಮ ಮಂಗಳೂರಿಗೋ ಹೊರಡುವುದು. ನಮ್ಮ ಮನೆಗಳ ಅಡಿಪಾಯ ತೋಡಿದವರಲ್ಲಿ ಎಷ್ಟು ಮಂದಿ ಈ ಊರುಗಳವರು ಎಂದು ನಾವು ಯಾವತ್ತೂ ಲೆಕ್ಕ ಹಾಕಿದ್ದಿಲ್ಲ.

ಮಾಗಳ ಸಣ್ಣ ಊರಲ್ಲ, ಹೊಸ ಊರೂ ಅಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಸೂರ್ಯನಾರಾಯಣ ಗುಡಿ ಇದೆ, ಕಲ್ಲಿನ ಕೆತ್ತನೆ ನೋಡಿದರೆ ಕಣ್ಣು ತುಂಬುತ್ತದೆ. ಊರ ಪಕ್ಕದಲ್ಲೇ ತುಂಗಭದ್ರಾ ಹೊಳೆ. ನಮ್ಮ ಜೊತೆ ಬಂದವರು ಕೇಳಿದ್ದೂ ಅದನ್ನೇ. 'ಇಷ್ಟು ದೊಡ್ಡ ಹೊಳೆ ಬುಡದಲ್ಲಿ ಇಟ್ಟುಕೊಂಡು ಕೂಲಿಗೆ ಯಾಕೆ ಬರಬೇಕು?'

ಮೇಸ್ತ್ರಿಯವರ ಚಿಕ್ಕಪ್ಪ ನಗುತ್ತಾ ಕೈ ತೋರಿಸಿದರು. ಹೊಳೆ ತಗ್ಗಿನಲ್ಲಿದೆ, ಹೊಲ ಎತ್ತರದಲ್ಲಿದೆ. ನೀರು ತಾನಾಗಿ ಏರುವುದಿಲ್ಲ. ಸಿಂಗಟಾಲೂರು ಏತ ನೀರಾವರಿ ಎಂಬ ಯೋಜನೆ ಬಂದದ್ದೇ ಅದಕ್ಕೆ. ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಹತ್ತಿರ ಬ್ಯಾರೇಜ್ ಕಟ್ಟಿ, ಪಂಪಿನಿಂದ ನೀರೆತ್ತಿ ಗದಗ, ಕೊಪ್ಪಳದ ಕಡೆಗೂ ಹಡಗಲಿಯ ಕಡೆಗೂ ಹರಿಸುವುದು. ಕಾಲುವೆ ಮುಟ್ಟಿದ ಹೊಲದವನು ಊರಲ್ಲಿ ಉಳಿದ, ಮುಟ್ಟದ ಹೊಲದವನು ಗುಳೆ ಹೋದ. ಇಬ್ಬರ ಬುದ್ಧಿಯೂ ಒಂದೇ, ಬೆವರೂ ಒಂದೇ.

ನೆಲದ ಎತ್ತರ ಮಾತ್ರವಲ್ಲ, ನಕ್ಷೆಯ ಗೆರೆಯೂ ಬದುಕು ಬದಲಿಸುತ್ತದೆ. ಹರಪನಹಳ್ಳಿ ತಾಲ್ಲೂಕನ್ನು 1997ರಲ್ಲಿ ಬಳ್ಳಾರಿಯಿಂದ ತೆಗೆದು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಆಮೇಲೆ ಸಂವಿಧಾನದ 371ಜೆ ವಿಧಿ ಬಂತು. ಹಿಂದುಳಿದ ಹೈದರಾಬಾದ್ ಕರ್ನಾಟಕದ ಮಕ್ಕಳಿಗೆ ಕಾಲೇಜು ಸೀಟು, ಸರಕಾರಿ ಕೆಲಸದಲ್ಲಿ ಮೀಸಲು ಸಿಕ್ಕಿತು. ಪಕ್ಕದ ಹಡಗಲಿಯ ಹುಡುಗನಿಗೆ ಸಿಕ್ಕಿದ್ದು ಹರಪನಹಳ್ಳಿಯ ಹುಡುಗನಿಗೆ ಸಿಗಲಿಲ್ಲ. ಜನ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ತಾಲ್ಲೂಕು ಮತ್ತೆ ಬಳ್ಳಾರಿಗೆ ಸೇರಿತು, ಸೌಲಭ್ಯವೂ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ಗೆರೆ ಎಳೆದದ್ದು ಹೊರಗಿನವರು, ಗೆರೆ ಅಳಿಸಿದ್ದು ಜನರ ಹಟ. ಎರಡೂ ನಿಜ.

ನಮ್ಮ ಕಥೆಯೂ ಬೇರೆ ಏನಲ್ಲ. ಕಡಲು ಬುಡದಲ್ಲಿ ಇದ್ದುದರಿಂದ ಬ್ಯಾರಿಗಳು ವ್ಯಾಪಾರಕ್ಕೆ ಇಳಿದರು. ಗಲ್ಫಿನಲ್ಲಿ ಎಣ್ಣೆಯ ದುಡ್ಡು ಹರಿದುದರಿಂದ ನಮ್ಮಲ್ಲಿ ಎಷ್ಟೋ ಮುಳಿಹುಲ್ಲಿನ ಮನೆಗಳು ತಾರಸಿ ಮನೆಗಳಾದವು. 'ನಾವು ಕಷ್ಟಪಟ್ಟು ಮೇಲೆ ಬಂದೆವು' ಎನ್ನುತ್ತೇವೆ. ಸುಳ್ಳಲ್ಲ. ಆದರೆ ಮಾಗಳದವರೂ ಕಷ್ಟಪಟ್ಟಿದ್ದಾರೆ. ಅವರ ಕಡೆ ಕಡಲು ಇರಲಿಲ್ಲ.

ಕಾರಣಿಕ ಕೇಳಿದ ಮೇಲೂ ಬಿತ್ತನೆ

ಹಡಗಲಿ ತಾಲ್ಲೂಕಿನಲ್ಲೇ ಮೈಲಾರ ಎಂಬ ಊರಿದೆ. ಪ್ರತಿ ವರ್ಷ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಅಲ್ಲಿ ಕಾರಣಿಕ ಆಗುತ್ತದೆ. ಗೊರವಯ್ಯ ಉಪವಾಸವಿದ್ದು, ಡೆಂಕನಮರಡಿಯಲ್ಲಿ ಎತ್ತರದ ಬಿಲ್ಲು ಏರಿ, 'ಸದ್ದಲೇ' ಎಂದು ಕೂಗುತ್ತಾರೆ. ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಒಂದು ವಾಕ್ಯ ನುಡಿದು ಬಿಲ್ಲಿನಿಂದ ಕೆಳಗೆ ಬೀಳುತ್ತಾರೆ, ಜನ ಹಿಡಿದುಕೊಳ್ಳುತ್ತಾರೆ. ಆ ಒಂದು ಮಾತಿನಲ್ಲಿ ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಹುಡುಕುತ್ತಾರೆ. ಅದು ಅವರ ನಂಬಿಕೆ. ನಮ್ಮ ವಿಶ್ವಾಸದಲ್ಲಿ ನಾಳಿನದ್ದು ಅಲ್ಲಾಹನಿಗೆ ಮಾತ್ರ ಗೊತ್ತು. ಆ ವಿಷಯಕ್ಕೆ ನಾವು ಹೋಗುವುದಿಲ್ಲ.

ನಮ್ಮ ಮನಸ್ಸಿಗೆ ನಾಟಿದ್ದು ಮೇಸ್ತ್ರಿಯವರ ತಾಯಿ ಹೇಳಿದ ಮಾತು. ಎಪ್ಪತ್ತು ದಾಟಿದ ಮುದುಕಿ, ಮದುವೆ ಮನೆಯ ಹಂದರದಲ್ಲಿ ಕೂತು ಹಡಗಲಿ ಮಲ್ಲಿಗೆ ಕಟ್ಟುತ್ತಿದ್ದರು. ನಾವು ಕೇಳಿದೆವು, 'ಅಜ್ಜಿ, ಕಾರಣಿಕದಲ್ಲಿ ಮಳೆ ಇಲ್ಲ ಅಂತ ಬಂದರೆ ಏನು ಮಾಡ್ತೀರಿ?'

'ಏನ್ ಮಾಡ್ತೀವಿ, ಕೇಳ್ತೀವಿ, ಬರ್ತೀವಿ, ಬಿತ್ತೀವಿ. ಬಿತ್ತದ ಕುಂತ್ರ ಕಾರಣಿಕ ಬಂದು ಹೊಲದಾಗ ಬೆಳೀತೈತೇನಪ್ಪ?'

ಹಣೆಬರಹ ಎಂದು ಕೈಚೆಲ್ಲಿದ ಮಗನ ತಾಯಿ ಇವರು! ಶಾಲೆ ಕಲಿಯದ ಆ ತಾಯಿ, ಇಮಾಮರುಗಳು ಗ್ರಂಥಗಟ್ಟಲೆ ಬರೆದ ವಿಷಯವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಒಂಟೆಯನ್ನು ಕಟ್ಟಬೇಕೋ, ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಬೇಕೋ ಎಂದು ಕೇಳಿದವನಿಗೆ ಪ್ರವಾದಿ(ಸ)ರು ಕೊಟ್ಟ ಉತ್ತರ ನಮಗೆಲ್ಲ ಗೊತ್ತು. ಮೊದಲು ಕಟ್ಟು, ಆಮೇಲೆ ಭರವಸೆ ಇಡು ಎಂದರು. ತವಕ್ಕುಲ್ ಬರುವುದು ಹಗ್ಗದ ಗಂಟು ಹಾಕಿದ ನಂತರ.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋದಾಗಲೂ ಹಾಗೆಯೇ ಆಯಿತು. ಇಡೀ ರೈತಾಪಿ ಜನ ಕಂಗಾಲು. ವಿಧಿ ಎಂದು ಕೂತಿದ್ದರೆ ಜಲಾಶಯ ಬರಿದಾಗುತ್ತಿತ್ತು. ಹರಿಯುವ ನೀರಿನಲ್ಲೇ ಇಳಿದು ಒಂದೇ ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಗೇಟು ಹೋದದ್ದು ಖದ್ರ್ ಆದರೆ, ಕೂರಿಸಿದ ಕೈಗಳೂ ಖದ್ರೇ.

ಒಂದು ಕಾಲು ಎತ್ತಿ ನೋಡಿ

ಮದ್ರಸದಲ್ಲಿ ದೊಡ್ಡ ತರಗತಿಯ ಮಕ್ಕಳು ಈ ಪ್ರಶ್ನೆ ಕೇಳದೆ ಬಿಡುವುದಿಲ್ಲ. 'ಉಸ್ತಾದ್, ಎಲ್ಲ ಮೊದಲೇ ಬರೆದಿದ್ದರೆ ನಮಗೆ ಶಿಕ್ಷೆ ಯಾಕೆ?' ಗದರಿಸಿ ಕೂರಿಸುವುದು ಸುಲಭ. ಮೊದಮೊದಲು ನಾವೂ ಹಾಗೆಯೇ ಮಾಡಿದ್ದುಂಟು. ಈಗ ಒಂದು ಆಟ ಆಡಿಸುತ್ತೇವೆ. ಹಝ್ರತ್ ಅಲಿ(ರ)ರದ್ದೆಂದು ಹೇಳಿಕೊಂಡು ಬಂದಿರುವ ಆಟ. ಎಲ್ಲರೂ ಎದ್ದು ನಿಂತು ಒಂದು ಕಾಲು ಎತ್ತಿ ಎನ್ನುತ್ತೇವೆ. ಎತ್ತುತ್ತಾರೆ. ಈಗ ಇನ್ನೊಂದನ್ನೂ ಎತ್ತಿ ಎಂದರೆ ನಗುತ್ತಾ ಬೀಳುತ್ತಾರೆ. ಒಂದು ಕಾಲಿನಷ್ಟು ನಿಮ್ಮ ಇಷ್ಟ, ಇನ್ನೊಂದು ನಿಮ್ಮ ಕೈಯಲ್ಲಿಲ್ಲ. ಎಡವೋ ಬಲವೋ ಎಂದು ಆರಿಸಿದ್ದು ಮಾತ್ರ ನೀವೇ.

ಇಸ್ಲಾಮಿನ ಆರಂಭದ ಶತಮಾನಗಳಲ್ಲೇ ಈ ವಿಷಯದಲ್ಲಿ ಎರಡು ಗುಂಪುಗಳಾಗಿದ್ದವು. ಮನುಷ್ಯ ಗಾಳಿಗೆ ಹಾರುವ ತರಗೆಲೆ, ಅವನ ಕೈಯಲ್ಲಿ ಏನೂ ಇಲ್ಲ ಎಂದವರು ಜಬರಿಯ್ಯಾ. ಎಲ್ಲವೂ ಮನುಷ್ಯನದ್ದೇ, ಅವನ ಕೆಲಸಕ್ಕೆ ಅವನೇ ಸೃಷ್ಟಿಕರ್ತ ಎಂದವರು ಖದರಿಯ್ಯಾ. ನಾವು ಅನುಸರಿಸುವ ಅಹ್ಲುಸ್ಸುನ್ನಃ ಈ ಎರಡರ ನಡುವಿನ ದಾರಿ. ಬಸ್ರಾದಲ್ಲಿ ಹುಟ್ಟಿ, ಹಿಜರಿ 324ರಲ್ಲಿ ವಫಾತಾದ ಇಮಾಂ ಅಬುಲ್ ಹಸನ್ ಅಶ್‌ಅರಿ ಇದನ್ನು 'ಕಸ್ಬ್' ಎಂದು ಕರೆದರು. ಕೆಲಸವನ್ನು ಸೃಷ್ಟಿಸುವವನು ಅಲ್ಲಾಹನು, ಗಳಿಸಿಕೊಳ್ಳುವವನು ಮನುಷ್ಯ. ಇದಕ್ಕೆ ಅವರ ಕಡೆಯವರು ಕೊಡುವ ಉದಾಹರಣೆ ಬಹಳ ಸರಳ. ಚಳಿಜ್ವರ ಬಂದವನ ಕೈ ನಡುಗುತ್ತದೆ. ಬರೆಯುವವನ ಕೈಯೂ ಅಲುಗುತ್ತದೆ. ಎರಡೂ ಅಲುಗಾಟವೇ, ಆದರೆ ಎರಡೂ ಒಂದೇ ಅಲ್ಲ ಎಂದು ಸಣ್ಣ ಮಗುವಿಗೂ ಗೊತ್ತು. ನಡುಗುವ ಕೈಗೆ ಪ್ರಶ್ನೆ ಇಲ್ಲ, ಬರೆಯುವ ಕೈಗೆ ಪ್ರಶ್ನೆ ಇದೆ.

ನಮ್ಮ ಫಿಖ್‌ಹ್ ಕಿತಾಬುಗಳು ಇದೇ ತಕ್ಕಡಿಯಲ್ಲಿ ತೂಗುತ್ತವೆ. ಮಗುವಿನ ಮೇಲೆ, ನಿದ್ದೆಯಲ್ಲಿದ್ದವನ ಮೇಲೆ, ಬುದ್ಧಿ ಸ್ಥಿಮಿತ ಇಲ್ಲದವನ ಮೇಲೆ ಲೇಖನಿ ಎತ್ತಲಾಗಿದೆ, ಅವರ ಲೆಕ್ಕ ಬರೆಯುವುದಿಲ್ಲ. ಕತ್ತಿಗೆ ಚಾಕು ಹಿಡಿದು ಮಾಡಿಸಿದ ಕೆಲಸಕ್ಕೆ ಮಾಡಿದವನ ಮೇಲೆ ಗುನಾಹು ಸಾಮಾನ್ಯವಾಗಿ ಇಲ್ಲ, ಮಾಡಿಸಿದವನ ಮೇಲೆ ಇದೆ. ಎಷ್ಟು ಸ್ವಾತಂತ್ರ್ಯವೋ ಅಷ್ಟೇ ಹೊಣೆ.

ಹಝ್ರತ್ ಉಮರ್(ರ) ಕಲಿಸಿದ ಪಾಠ

ಹಿಜರಿ 18ರ ಸುಮಾರಿಗೆ ಶಾಮ್ ದೇಶದಲ್ಲಿ ಪ್ಲೇಗು ಹಬ್ಬಿತು. ಅತ್ತ ಹೊರಟಿದ್ದ ಖಲೀಫಾ ಉಮರ್(ರ)ರಿಗೆ ಸರ್ಗ್ ಎಂಬ ಜಾಗದಲ್ಲಿ ಸುದ್ದಿ ಮುಟ್ಟಿತು. ಹಿರಿಯರ ಜೊತೆ ಸಮಾಲೋಚಿಸಿ ಹಿಂದಿರುಗುವ ತೀರ್ಮಾನ ಮಾಡಿದರು. ಸೇನಾಪತಿ ಅಬೂ ಉಬೈದಾ(ರ)ರು ಕೇಳಿದರು, ಅಲ್ಲಾಹನ ವಿಧಿಯಿಂದ ಓಡಿಹೋಗುವುದಾ ಎಂದು. ಉಮರ್(ರ)ರ ಉತ್ತರ ಏನೆಂದರೆ, ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೇ ಹೋಗುತ್ತಿದ್ದೇವೆ ಎಂದು. ನಿಮ್ಮ ಒಂಟೆಗಳೊಂದಿಗೆ ಒಂದು ಕಣಿವೆಗೆ ಇಳಿದಿರಿ, ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು. ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಅಲ್ಲವೇ ಎಂದು ವಿವರಿಸಿದರು.

ಬಾಲ್ಯದಿಂದ ಓದಿದ ಕಥೆ ಇದು. ಆದರೆ ಮಾಗಳದಿಂದ ವಾಪಸಾಗುವಾಗ ಬಸ್ಸಿನ ಕಿಟಕಿಯಲ್ಲಿ ಬರಡು ಹೋಗಿ ಹಸಿರು ಬಂದಾಗ ಮೊದಲ ಬಾರಿಗೆ ಅದರ ಅರ್ಥ ಆಯಿತು. ಘಟ್ಟದ ಆ ಬದಿ ಬರಡು, ಈ ಬದಿ ಹಸಿರು. ಹೊಟ್ಟೆಪಾಡಿಗೆ ಘಟ್ಟ ಇಳಿದು ಬರುವ ಮೇಸ್ತ್ರಿ ವಿಧಿಗೆ ಶರಣಾದವರಲ್ಲ. ಅವರು ಒಂದು ವಿಧಿಯಿಂದ ಇನ್ನೊಂದು ವಿಧಿಗೆ ನಡೆದು ಬಂದವರು. ನಾವು ಅವರನ್ನು ಸೋಮಾರಿ ಎಂದುಕೊಂಡೆವು!

ಉಮರ್(ರ)ರ ಕಾಲದಲ್ಲೇ ಮದೀನಾದ ಕಡೆ ಘೋರ ಬರಗಾಲ ಬಂತು. ಆ ವರ್ಷ ಕಳ್ಳತನಕ್ಕೆ ಕೈ ಕಡಿಯುವ ಶಿಕ್ಷೆಯನ್ನು ಅವರು ಜಾರಿ ಮಾಡಲಿಲ್ಲ. ಹಸಿದವನ ಕೈಯನ್ನೂ ತುಂಬಿದ ಹೊಟ್ಟೆಯವನ ಕೈಯನ್ನೂ ಒಂದೇ ಎಂದು ನೋಡಲಿಲ್ಲ. ಇಮಾಂ ಮಾಲಿಕರ ಮುವತ್ತಾದಲ್ಲಿ ಇನ್ನೊಂದು ಘಟನೆ ಇದೆ. ಹಾತಿಬ್ ಎಂಬವರ ಗುಲಾಮರು ಒಬ್ಬನ ಒಂಟೆ ಕದ್ದು ಕೊಯ್ದು ತಿಂದರು. ವಿಚಾರಿಸಿದ ಉಮರ್(ರ)ರಿಗೆ ಯಜಮಾನ ಅವರನ್ನು ಹಸಿವಿನಲ್ಲಿ ಇಟ್ಟಿದ್ದಾನೆ ಅನಿಸಿತು. ಒಂಟೆಯ ಬೆಲೆ 400 ದಿರ್‌ಹಂ. ಯಜಮಾನನಿಂದಲೇ 800 ದಿರ್‌ಹಂ ಕೊಡಿಸಿದರು. ಕದ್ದ ಕೈಯ ಹಿಂದೆ ಹಸಿವು, ಹಸಿವಿನ ಹಿಂದೆ ಯಜಮಾನ. ತಪ್ಪಿನ ಬೇರು ಎಲ್ಲಿದೆಯೋ ಅಲ್ಲಿಗೆ ಹೋದರು. ನಮ್ಮಲ್ಲಿ ಕೂಲಿಗೆ ಜನ ಇಟ್ಟುಕೊಂಡವರು, ಅಂಗಡಿಯಲ್ಲಿ ಹುಡುಗರನ್ನು ಇಟ್ಟುಕೊಂಡವರು ಈ ಘಟನೆಯನ್ನು ಒಮ್ಮೆ ನಿಧಾನವಾಗಿ ಓದಬೇಕು.

ಕಟ್ಟಿದವರು ಬೇರೆ, ಬಿಚ್ಚಿದವರು ಬೇರೆ

ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಕಡೆಯ ಇನ್ನೊಂದು ನೋವು ಹೇಳದಿದ್ದರೆ ಮಾತು ಪೂರ್ತಿ ಆಗುವುದಿಲ್ಲ. ಏಳೆಂಟು ವರ್ಷದ ಹೆಣ್ಣುಮಗುವಿಗೆ ಮುತ್ತು ಕಟ್ಟಿ ದೇವದಾಸಿ ಮಾಡುವ ಪದ್ಧತಿ. ಈ ಸೀಮೆ ಮದ್ರಾಸ್ ಪ್ರಾಂತದಲ್ಲಿದ್ದಾಗಲೇ, 1947ರಲ್ಲಿ ಅದನ್ನು ನಿಷೇಧಿಸುವ ಕಾನೂನು ಬಂತು. ಕರ್ನಾಟಕ ಸರಕಾರ 1982ರಲ್ಲಿ ಇನ್ನೊಂದು ಕಾನೂನು ಮಾಡಿತು. ಆಮೇಲೂ ರಾಜ್ಯದಲ್ಲಿ ನಡೆದ ಸಮೀಕ್ಷೆಗಳಲ್ಲಿ 46 ಸಾವಿರಕ್ಕೂ ಹೆಚ್ಚು ಮಹಿಳೆಯರು ಗುರುತಿಸಲ್ಪಟ್ಟರು. ಇವರನ್ನು ನೋಡಿ 'ಅವಳ ಚಾಳಿ' ಎಂದು ಮಾತಾಡುವ ನಾಲಿಗೆ ಎಷ್ಟು! ಏಳು ವರ್ಷದ ಮಗು ಏನನ್ನು ಆರಿಸಿಕೊಂಡಿತ್ತು? ಬಡತನ, ಜಾತಿ, ಊರ ಕಟ್ಟಳೆ, ಇವು ಮೂರೂ ಸೇರಿ ಕಟ್ಟಿದ ಮುತ್ತು ಅದು.

ಆದರೂ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ ಅವರನ್ನು ದೇವದಾಸಿ ಮಾಡಿದಾಗ ಅವರಿಗೆ ಏಳು ವರ್ಷ. ದೊಡ್ಡವರಾದ ಮೇಲೆ ಘಟಪ್ರಭಾದ 'ಮಾಸ್' ಸಂಸ್ಥೆಯ ಮೂಲಕ ತನ್ನಂತಹ ಸಾವಿರಾರು ಹೆಂಗಸರನ್ನು ಆ ಬದುಕಿನಿಂದ ಹೊರಗೆ ತಂದರು. 2018ರಲ್ಲಿ ಪದ್ಮಶ್ರೀ ಬಂತು. ಮುತ್ತು ಕಟ್ಟಿದ್ದು ಅವರ ಕೈಯಲ್ಲಿರಲಿಲ್ಲ, ಬಿಚ್ಚಿದ್ದು ಅವರ ಕೈ. ಆದರೆ ಒಬ್ಬರೇ ಬಿಚ್ಚಲಿಲ್ಲ, ಜೊತೆಗೆ ಜನ ಇದ್ದರು, ಕಾನೂನು ಇತ್ತು, ಸಂಘ ಇತ್ತು.

ಜೊತೆಗೆ ಜನ ಇರುವುದು ಎಷ್ಟು ಮುಖ್ಯ ಎನ್ನುವುದಕ್ಕೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1961ರಲ್ಲಿ ಆರಂಭವಾದ ಒಂದು ಪ್ರಯೋಗ ಸಾಕ್ಷಿ. ಸ್ಟಾನ್ಲಿ ಮಿಲ್‌ಗ್ರಾಂ ಎಂಬ ವಿಜ್ಞಾನಿ ಸಾಮಾನ್ಯ ಜನರನ್ನು ಕೂರಿಸಿ, ಪಕ್ಕದ ಕೋಣೆಯವನು ಉತ್ತರ ತಪ್ಪಿದಾಗಲೆಲ್ಲ ಕರೆಂಟ್ ಶಾಕ್ ಕೊಡಲು ಹೇಳಿದರು. ಶಾಕ್ ನಿಜವಲ್ಲ, ಕೂಗುವವನು ನಟ. ಕೂತವರಿಗೆ ಅದು ಗೊತ್ತಿಲ್ಲ. ದೊಡ್ಡವರು ಹೇಳಿದರು ಎಂಬ ಒಂದೇ ಕಾರಣಕ್ಕೆ 40ರಲ್ಲಿ 26 ಮಂದಿ ಕೊನೆಯ 450 ವೋಲ್ಟಿನವರೆಗೂ ಸ್ವಿಚ್ ಒತ್ತಿದರು. ಇನ್ನೊಮ್ಮೆ ಪಕ್ಕದಲ್ಲಿ ಇಬ್ಬರನ್ನು ಕೂರಿಸಿ, ಅವರು ನಡುವೆಯೇ 'ನಮ್ಮಿಂದಾಗದು' ಎಂದು ಏಳುವಂತೆ ಮಾಡಿದರು. ಆಗ ಕೊನೆಯವರೆಗೆ ಹೋದವರು 40ರಲ್ಲಿ 4 ಮಂದಿ ಮಾತ್ರ. ಒಳ್ಳೆಯ ಗೆಳೆಯನನ್ನು ಕಸ್ತೂರಿ ಮಾರುವವನಿಗೂ ಕೆಟ್ಟ ಗೆಳೆಯನನ್ನು ತಿದಿ ಊದುವವನಿಗೂ ಪ್ರವಾದಿ(ಸ)ರು ಹೋಲಿಸಿದ್ದು ನೆನಪಾಗುತ್ತದೆ.

ಒಂದು ಗೇಣು ದೂರ

ನೂರು ಕೊಲೆ ಮಾಡಿದವನ ಕಥೆ ನಮ್ಮ ಉಮ್ಮಂದಿರು ಮಲಗಿಸುವಾಗ ಹೇಳುತ್ತಿದ್ದರು. 99 ಜನರನ್ನು ಕೊಂದವನಿಗೆ ಪಶ್ಚಾತ್ತಾಪ ಆಯಿತು. ಒಬ್ಬ ಸನ್ಯಾಸಿಯನ್ನು ಕೇಳಿದ, ನನಗೆ ತೌಬಾ ಉಂಟಾ ಎಂದು. ಇಲ್ಲ ಎಂದ ಅವನನ್ನೂ ಕೊಂದು ನೂರು ಮಾಡಿದ. ಆಮೇಲೆ ಒಬ್ಬ ವಿದ್ವಾಂಸರು ಹೇಳಿದರು, ತೌಬಾ ಉಂಟು, ಆದರೆ ನಿನ್ನ ಊರು ಬಿಟ್ಟು ಒಳ್ಳೆಯ ಜನರಿರುವ ಇಂಥ ಊರಿಗೆ ಹೋಗು ಎಂದು. ಹೊರಟ. ಅರ್ಧ ದಾರಿಯಲ್ಲಿ ಸತ್ತ. ದೂರ ಅಳೆದು ನೋಡಿದರೆ ಒಳ್ಳೆಯ ಊರಿಗೆ ಒಂದು ಗೇಣು ಹತ್ತಿರವಿದ್ದ. ಕ್ಷಮೆ ಸಿಕ್ಕಿತು.

ಈ ಕಥೆಯಲ್ಲಿ ಆ ವಿದ್ವಾಂಸರು ಬರೀ 'ಮನಸ್ಸು ಗಟ್ಟಿ ಮಾಡು' ಎಂದು ಹೇಳಿ ಕಳುಹಿಸಲಿಲ್ಲ. ಊರು ಕೆಟ್ಟದ್ದು, ಬಿಡು ಎಂದರು. ಎಲ್ಲಿಗೆ ಹೋಗಬೇಕೆಂದು ವಿಳಾಸ ಕೊಟ್ಟರು. ಸುತ್ತಲಿನ ಗಾಳಿ ಮನುಷ್ಯನನ್ನು ಕೆಡಿಸುತ್ತದೆ ಎಂದು ಅವರಿಗೆ ಗೊತ್ತಿತ್ತು. ಆದರೆ ನಡೆಯುವ ಕಾಲು ಅವನದ್ದೇ ಆಗಿರಬೇಕಿತ್ತು.

ನಮ್ಮ ಪಾಲು

ಇನ್ನು ನಮ್ಮ ಲೆಕ್ಕ. ಗಾಂಜಾ ಪ್ರಕರಣದ ಆ ಹುಡುಗನ ಹೆಸರು ಹಳೆಯ ಹಾಜರಿ ಪುಸ್ತಕದಲ್ಲಿ ಹುಡುಕಿದೆವು. ಏಳನೇ ತರಗತಿಯಲ್ಲಿ ಮೂರು ವಾರ ಸತತ ಗೈರು. ಆಮೇಲೆ ಹೆಸರಿನ ಮೇಲೆ ಕೆಂಪು ಗೆರೆ. ಗೆರೆ ಎಳೆದ ಕೈ ನಮ್ಮದೇ. ಅವನ ಮನೆ ಮದ್ರಸದಿಂದ ನಡೆದರೆ ಹತ್ತು ನಿಮಿಷ. ಆ ಮೂರು ವಾರದಲ್ಲಿ ನಾವು ಒಮ್ಮೆಯೂ ಹೋಗಿರಲಿಲ್ಲ. ಅವನ ತಂದೆ ಆಗ ಸೌದಿಯಲ್ಲಿ, ತಾಯಿಗೆ ಕಾಯಿಲೆ. ಅವನನ್ನು ಕೇಳುವವರು ಯಾರೂ ಇರಲಿಲ್ಲ, ರಸ್ತೆಬದಿಯ ಆ ಗುಂಪೊಂದನ್ನು ಬಿಟ್ಟು. ಬೀಡಿ ತುಟಿಗೆ ಇಟ್ಟದ್ದು ಅವನೇ, ಅದರ ಹೊಣೆ ಅವನಿಗೆ ಇದ್ದೇ ಇದೆ. ಆದರೆ ಅವನ ಸುತ್ತಲಿನ 'ಪರಿಸ್ಥಿತಿ' ಎನ್ನುತ್ತೇವಲ್ಲ, ಅದರಲ್ಲಿ ನಮ್ಮ ಒಂದು ಕೆಂಪು ಗೆರೆಯೂ ಇತ್ತು.

ಅವನ ಮನೆಗೆ ಹೋದೆವು. ಅವನ ಎದುರೇ ಗೈರುಹಾಜರಿಯ ವಿಷಯ ಹೇಳಿ ತಪ್ಪಾಯಿತು ಎಂದೆವು. ಅವನು ತಲೆ ಎತ್ತಲಿಲ್ಲ. ಈಗ ಚಿಕಿತ್ಸೆಗೆ ಹೋಗುತ್ತಿದ್ದಾನೆ. ನಡುವೆ ಒಮ್ಮೆ ಮತ್ತೆ ಜಾರಿದ, ಮತ್ತೆ ಎದ್ದ. ಸಂಜೆ ಮಾವನ ಅಂಗಡಿಯಲ್ಲಿ ಕೂರುತ್ತಾನೆ. ಹಳೆಯ ರಸ್ತೆಬದಿಯ ದಾರಿ ಬಿಟ್ಟು ಸುತ್ತು ಬಳಸಿ ಬರುತ್ತಾನೆ ಎಂದು ತಂದೆ ಹೇಳಿದರು.

ಮಾಗಳದ ಹುಡುಗನದ್ದು ಇನ್ನೂ ಸಣ್ಣ ವಿಷಯವಾಗಿತ್ತು. ಬಿತ್ತನೆ ಮುಗಿಸಿ ಆಗಸ್ಟಿನಲ್ಲಿ ಮೇಸ್ತ್ರಿ ಮತ್ತೆ ನಮ್ಮೂರಿಗೆ ಕೆಲಸಕ್ಕೆ ಬಂದಾಗ ಹತ್ತಿರದ ಶಾಲೆಗೆ ಕರೆದುಕೊಂಡು ಹೋದೆವು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಯಾವ ಮಗುವನ್ನೂ ವರ್ಷದ ಯಾವ ತಿಂಗಳಲ್ಲೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ವರ್ಗಾವಣೆ ಪತ್ರ ಇಲ್ಲ ಎಂದು ಹಿಂದೆ ಕಳುಹಿಸುವ ಹಾಗಿಲ್ಲ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಮೇಸ್ತ್ರಿ ಹೊರಗೆ ಬಂದು ನಮ್ಮ ಮುಖ ನೋಡಿದರು. 'ಇಷ್ಟ ಐತೇನ್ರಿ? ನಮಗ ಯಾರೂ ಹೇಳೇ ಇರ್ಲಿಲ್ಲ.'

ಹಣೆಯಲ್ಲಿ ಬರೆದದ್ದು ಎಂದು ಅವರು ಅಂದುಕೊಂಡಿದ್ದು, ಯಾರೂ ಹೇಳದೇ ಇದ್ದ ಒಂದು ಮಾತು ಅಷ್ಟೆ. ಹೇಳಬಹುದಾಗಿದ್ದವರು ಚಹಾ ಕುಡಿಯುತ್ತಾ ಪಕ್ಕದಲ್ಲೇ ಕೂತು ಸಿಟ್ಟು ಮಾಡಿಕೊಂಡಿದ್ದೆವು.

ಆದುದರಿಂದ ಈ ಪುಟ ಓದುವ ಮನೆಗಳಲ್ಲಿ, ಜಮಾಅತುಗಳಲ್ಲಿ ನಮ್ಮದೊಂದು ಅರಿಕೆ. ನಮ್ಮ ಸ್ವಂತ ತಪ್ಪಿನ ಲೆಕ್ಕ ಹಾಕುವಾಗ 'ನನ್ನ ಕೈ ಏನು ಮಾಡಿತು' ಎಂದು ಕೇಳಿಕೊಳ್ಳುವ. ಇನ್ನೊಬ್ಬರ ತಪ್ಪು ಕಂಡಾಗ 'ಅವರ ಸುತ್ತ ಏನಿತ್ತು' ಎಂದು ಮೊದಲು ವಿಚಾರಿಸುವ. ಈಗ ನಾವು ಮಾಡುತ್ತಿರುವುದು ಇದರ ಉಲ್ಟಾ. ಒಂದು ಜನಾಂಗ ತನ್ನೊಳಗಿನದ್ದನ್ನು ಬದಲಿಸಿಕೊಳ್ಳುವವರೆಗೆ ಅಲ್ಲಾಹನು ಅದರ ಸ್ಥಿತಿ ಬದಲಿಸುವುದಿಲ್ಲ ಎಂಬರ್ಥದ ಆಯತನ್ನು ನಾವು ಬೇರೆಯವರಿಗೆ ಭಾಷಣ ಮಾಡಲು ಬಳಸುತ್ತೇವೆ. ಅದು ಮೊದಲು ನಮಗೇ ಹೇಳಿದ್ದು.

ನಮ್ಮ ಮದ್ರಸದಲ್ಲಿ ಈಗ ಒಂದು ಸಣ್ಣ ನಿಯಮ ಮಾಡಿಕೊಂಡಿದ್ದೇವೆ. ಯಾವ ಮಗುವಾದರೂ ಮೂರು ದಿನ ಬಾರದಿದ್ದರೆ ನಾಲ್ಕನೇ ದಿನ ಅಸರ್ ನಂತರ ಒಬ್ಬ ಉಸ್ತಾದ್ ಅದರ ಮನೆಗೆ ಹೋಗಬೇಕು. ಕೆಂಪು ಪೆನ್ನು ಮೇಜಿನ ಒಳಗಿದೆ, ಹೊರಗೆ ತೆಗೆದಿಲ್ಲ. ಕೂಲಿಗೆ ಬಂದ ಮನೆಯವರ ಮಕ್ಕಳ ಹೆಸರನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇವೆ. ಸದ್ಯಕ್ಕೆ ಒಂಬತ್ತು ಹೆಸರು. ಮಾಗಳದ ಹುಡುಗನದ್ದು ಮೊದಲನೆಯದು. ನಾಲ್ಕು ತಿಂಗಳಾಯಿತು, ಶಾಲೆಗೆ ಹೋಗುತ್ತಿದ್ದಾನೆ. ಮುಂದಿನ ಕೆಲಸ ಎಲ್ಲಿ ಸಿಗುತ್ತದೋ, ಇವನ ಶಾಲೆ ಅಲ್ಲಿ ಏನಾಗುತ್ತದೋ, ನಮಗೆ ಗೊತ್ತಿಲ್ಲ. ಅದು ಖದ್ರಿಗೆ ಬಿಟ್ಟದ್ದು. ಆ ಊರಿನ ಜಮಾಅತಿಗೆ ಫೋನು ಮಾಡುವುದು ಮಾತ್ರ ನಮಗೆ ಬಿಟ್ಟದ್ದು.